ಅವ್ದೇಯ್ ತಾತ ನೋಡದ ಬೆಂಕಿ

"ಅಮ್ಮಾ, ಅವ್ದೇಯ್ ತಾತ ಯುದ್ಧದಲ್ಲಿ ಕಣ್ಣು ಮುಚ್ಕೊಂಡಿದ್ರಾ?"

ಕ್ಲಾವಾ ಆಗ ಒಂದು ಕೈಯಲ್ಲಿ ಎಂಟು ತಿಂಗಳ ಮಗ ಸೆನ್ಯಾನನ್ನು ಸೊಂಟಕ್ಕೆ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಎಲೆಕೋಸಿನ ಸಾರು ತಿರುವುತ್ತಿದ್ದಳು. ಮಗುವಿಗೆ ಹಲ್ಲು ಬರುವ ಸಮಯ. ಬೆಳಗಿನಿಂದ ಅದು ಅಮ್ಮನ ಹೆಗಲನ್ನು ಬಿಟ್ಟು ಬೇರೇನನ್ನೂ ಕಚ್ಚಲು ಒಪ್ಪಿರಲಿಲ್ಲ. ಏಳು ವರ್ಷದ ತೋಸ್ಯಾ ಬಾಗಿಲಲ್ಲಿ ನಿಂತಿದ್ದಳು, ಮೊಣಕಾಲಿಗೆಲ್ಲ ಮಣ್ಣು. ಪಕ್ಕದ ಮನೆಯ ಬೇಲಿ ಹಾರಿ ಬಂದಿದ್ದಾಳೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

"ಏನು ಮಾತು ಅಂತ ಆಡ್ತೀಯೇ? ಕಣ್ಣು ಮುಚ್ಚಿಕೊಂಡು ಯಾರಾದ್ರೂ ಯುದ್ಧ ಮಾಡ್ತಾರಾ?"

"ಮತ್ತೆ ಬೆಂಕಿ ಯಾವ ಬಣ್ಣ ಇತ್ತು ಅಂತ ಕೇಳಿದ್ರೆ, ನಾನು ನೋಡಿದ್ರೆ ತಾನೇ ಹೇಳೋದು ಅಂದ್ರು. ಒಳಗೆಲ್ಲ ಕತ್ತಲೆ ಅಂದ್ರು."

ವಿಷಯ ಇಷ್ಟೇ. ಜರ್ಮನರನ್ನು ಗೆದ್ದ ನೆನಪಿನ ಮೇ ಒಂಬತ್ತರ ವಿಜಯದ ಹಬ್ಬಕ್ಕೆ ಶಾಲೆಯ ಗೋಡೆಗೆ ಅಂಟಿಸಲು ಒಂದನೇ ತರಗತಿಯವರೆಲ್ಲ ಒಂದೊಂದು ಚಿತ್ರ ಬರೆಯಬೇಕಿತ್ತು. 'ಅವ್ದೇಯ್ ತಾತ ಕಂಡ ಕತ್ಯೂಷಾ ಬೆಂಕಿ' ಅನ್ನುವುದು ವಿಷಯ. ಕತ್ಯೂಷಾ ಅಂದರೆ ಯುದ್ಧದಲ್ಲಿ ರಾಕೆಟ್ ಹಾರಿಸುತ್ತಿದ್ದ ಯಂತ್ರ. ಉಳಿದ ಮಕ್ಕಳು ಕೆಂಪು, ಹಳದಿ ಪೆನ್ಸಿಲ್ ಹಿಡಿದು ಅಲ್ಲೇ ಶುರುಮಾಡಿದರು. ತೋಸ್ಯಾಗೆ ಮಾತ್ರ ಅನುಮಾನ ಬಂತು. ರಾಕೆಟ್ಟಿನ ಮೂತಿ ಕಡೆ ಯಾವ ಬಣ್ಣ, ಬಾಲದ ಕಡೆ ಯಾವ ಬಣ್ಣ, ಮೇಲಿನ ಸಾಲು ಮೊದಲು ಹೋಗುತ್ತೋ ಕೆಳಗಿನದೋ? ಪಕ್ಕದಲ್ಲೇ ತಾತ ಇರುವಾಗ ಊಹೆ ಮಾಡಿ ಬರೆಯುವುದೇಕೆ ಎಂದು ಬೇಲಿ ಹಾರಿದಳು. ತಾತ ಚಹಾ ಕಾಯಿಸುವ ಸಮೋವಾರಿನ ಹೊಗೆಕೊಳವೆಯೊಳಗೆ ಮೊಣಕೈವರೆಗೆ ತೋಳು ತೂರಿಸಿಕೊಂಡು ಮಸಿ ಕೆರೆಯುತ್ತಿದ್ದರು. ಕೈ ಒಳಗೆ ಸಿಕ್ಕಿಕೊಂಡಿದ್ದವರ ಬಾಯಿಂದ ಸತ್ಯ ಹೊರಗೆ ಬಂತು.

"ಅವರು ಹೇಗೆ ಹೇಳಿದ್ರೋ ಹಾಗೇ ಬರಿ," ಅಂದಳು ಕ್ಲಾವಾ, ಸಾರಿಗೆ ಉಪ್ಪು ಹಾಕುತ್ತ. ಆ ಮಾತನ್ನು ಅವಳು ಎರಡು ದಿನದ ಮೇಲೆ ಬಹಳ ನೆನೆಸಿಕೊಂಡಳು.

ಅವ್ದೇಯ್ ಸವೆಲಿಚ್‌ನನ್ನು ಕ್ಲಾವಾ ಬಲ್ಲದ್ದು ಅವಳು ಮದುವೆಯಾಗಿ ಈ ಬೀದಿಗೆ ಬಂದಾಗಿನಿಂದ. ಐವತ್ತನಾಲ್ಕು ವರ್ಷ, ಅಗಲ ಬೆನ್ನು, ಎರಡೂ ಕಿವಿ ಸ್ವಲ್ಪ ಮಂದ. ನಡೆಯುವಾಗ ಎರಡೂ ಕೈಗಳನ್ನು ಮುಂದಕ್ಕೆ ಚಾಚಿ, ಕಾಣದ ಎರಡು ಲಿವರ್‌ಗಳನ್ನು ಎಳೆಯುತ್ತಿರುವವನ ಹಾಗೆ ನಡೆಯುತ್ತಿದ್ದ. ತಿರುವು ಬಂದರೆ ಒಂದು ಭುಜ ಹಿಂದಕ್ಕೆ ಹೋಗುತ್ತಿತ್ತು. ಹದಿನೆಂಟನೇ ವಯಸ್ಸಿಗೆ ಟ್ರ್ಯಾಕ್ಟರ್ ಕಲಿತವನು. ಊರಿನ ಸಾಮೂಹಿಕ ಜಮೀನಿನಲ್ಲಿ ಅವನು ಉಳದ ಹೊಲ ಇರಲಿಲ್ಲ. ನಲವತ್ತೆರಡರ ಬೇಸಿಗೆಯಲ್ಲಿ ಸೈನ್ಯ ಕರೆಯಿತು. ಬಂದೂಕು ಕೊಡುತ್ತಾರೆ ಅಂದುಕೊಂಡು ಹೋದರೆ, ಒಂದು ತೋಪಿನ ಮರೆಯಲ್ಲಿ ನಿಲ್ಲಿಸಿ, ಟಾರ್ಪಾಲು ಸರಿಸಿ ತೋರಿಸಿದರಂತೆ. ಕೆಳಗಡೆ ಅವನು ಊರಲ್ಲಿ ಓಡಿಸುತ್ತಿದ್ದಂಥದೇ ಸರಪಳಿ ಚಕ್ರದ ಟ್ರ್ಯಾಕ್ಟರ್. ಬೆನ್ನ ಮೇಲೆ ಮಾತ್ರ ನೇಗಿಲಿನ ಬದಲು ಎಂಟು ಉದ್ದ ಹಳಿ, ಹಳಿಯ ಮೇಲೊಂದು ಕೆಳಗೊಂದು ಹಾಗೆ ಹದಿನಾರು ರಾಕೆಟ್ಟು.

"ಉಳೋದು ಗೊತ್ತಲ್ಲ? ಹಾಗಾದ್ರೆ ಇದೂ ಗೊತ್ತು," ಅಂದನಂತೆ ಅಧಿಕಾರಿ. ಅಷ್ಟೇ ತರಬೇತಿ.

ಅದರ ಜೊತೆಗೆ ಒಂದು ಕಾಗದಕ್ಕೂ ಸಹಿ ಹಾಕಿಸಿಕೊಂಡರು. ಈ ಯಂತ್ರ ನೋಡಿದ್ದನ್ನು, ಮುಟ್ಟಿದ್ದನ್ನು, ಓಡಿಸಿದ್ದನ್ನು ಅಪ್ಪನಿಗೂ ಹೆಂಡತಿಗೂ ಹೇಳತಕ್ಕದ್ದಲ್ಲ. ಅವ್ದೇಯ್ ಸಹಿ ಹಾಕಿದ. ಯುದ್ಧ ಮುಗಿಯುವ ಹೊತ್ತಿಗೆ ಕತ್ಯೂಷಾ ಅಂದರೆ ಏನು ಅಂತ ದೇಶದ ಹಸುಳೆಗಳಿಗೂ ಗೊತ್ತಾಗಿತ್ತು. ಸಿನಿಮಾ ಮಂದಿರದಲ್ಲಿ ತೋರಿಸಿದ್ದರು, ಪತ್ರಿಕೆಯಲ್ಲಿ ಬರೆದಿದ್ದರು. ಆದರೆ 'ಅವ್ದೇಯ್ ಸವೆಲಿಚ್, ಇನ್ನು ನೀನು ಬಾಯಿ ಬಿಡಬಹುದು' ಎಂದು ಯಾರೂ ಬಂದು ಹೇಳಲಿಲ್ಲ. ಹೇಳದ ಮೇಲೆ ಅವನು ಬಿಡಲೂ ಇಲ್ಲ. ಊರಿಗೆ ಬಂದ. ಯುದ್ಧದಲ್ಲಿ ಏನು ಮಾಡಿದೆ ಅಂತ ಕೇಳಿದರು. "ಟ್ರ್ಯಾಕ್ಟರ್ ಓಡಿಸಿದೆ," ಅಂದ.

ಅಲ್ಲಿಂದ ಶುರುವಾಯಿತು. ಬಾವಿಕಟ್ಟೆಯಲ್ಲಿ, ಬ್ರೆಡ್ಡಿನ ಸಾಲಿನಲ್ಲಿ, ಮದುವೆ ಮನೆಯಲ್ಲಿ ಅದೇ ಮಾತು. "ಅವ್ದೇಯ್, ಬರ್ಲಿನ್ ತನಕ ಉತ್ತೆಯಂತೆ, ನಿಜವೇನಪ್ಪಾ? ಗೋಧಿ ಬಿತ್ತಿದ್ಯೋ ಬಾರ್ಲಿ ಬಿತ್ತಿದ್ಯೋ?" ಹೆಂಡತಿ ಉಸ್ತಿನ್ಯಾಳ ತಮ್ಮನಂತೂ ಕುಡಿದಾಗಲೆಲ್ಲ ಎದ್ದು ನಿಂತು, "ನಮ್ಮ ಭಾವ ಜರ್ಮನರಿಗೆ ಸಾಲು ಹೊಡೆದು ಕೊಟ್ಟವರು!" ಎಂದು ಲೋಟ ಎತ್ತುತ್ತಿದ್ದ. ಚಹಾ ಡಬ್ಬಿಯಲ್ಲಿ ನಾಲ್ಕು ಪದಕ ಇದ್ದವು. ಏತಕ್ಕೆ ಕೊಟ್ಟರು ಎಂದು ಉಸ್ತಿನ್ಯಾ ಕೇಳಿದ್ದಕ್ಕೆ "ಟ್ರ್ಯಾಕ್ಟರ್ ಚೆನ್ನಾಗಿ ಓಡಿಸಿದ್ದಕ್ಕೆ" ಅಂದಿದ್ದ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಹತ್ತೊಂಬತ್ತು ವರ್ಷ ಹೀಗೇ ನಡೆಯಿತು.

ಹೋದ ವರ್ಷ, ವಿಜಯದ ಇಪ್ಪತ್ತನೇ ವರ್ಷಕ್ಕೆ, ಜಿಲ್ಲೆಯ ಸೈನ್ಯದ ಕಚೇರಿಯಿಂದ ಊರಿನ ಮಾಜಿ ಸೈನಿಕರ ಪಟ್ಟಿ ಬಂತು. ಸಭಾಭವನದಲ್ಲಿ ಗಟ್ಟಿಯಾಗಿ ಓದಿದರು. ಅವ್ದೇಯ್ ಹೆಸರಿನ ಮುಂದೆ 'ಗಾರ್ಡ್ಸ್ ರಾಕೆಟ್ ದಳ, ಯಂತ್ರ ಚಾಲಕ' ಎಂದು ಬಂದಾಗ ಸೂರ್ಯಕಾಂತಿ ಬೀಜ ಒಡೆಯುವ ಸದ್ದೂ ನಿಂತುಹೋಯಿತಂತೆ. ಅಧ್ಯಕ್ಷರು ತಮ್ಮ ಕುರ್ಚಿ ಬಿಟ್ಟುಕೊಟ್ಟರು. ಉಸ್ತಿನ್ಯಾಳ ತಮ್ಮ ಸಂಜೆ ಒಂದು ಬಾಟಲಿ ಹಿಡಿದುಕೊಂಡು ಬಂದು ಬಾಗಿಲಾಚೆಯೇ ಅತ್ತ. ಉಸ್ತಿನ್ಯಾ ಮೂರು ದಿನ ಗಂಡನ ಜೊತೆ ಮಾತಾಡಲಿಲ್ಲ. "ನಾನು ಯಾರಿಗೆ ಹೇಳ್ತಿದ್ದೆ? ಆ ಹಸುವಿಗಾ?" ಎಂದು ನಾಲ್ಕನೇ ದಿನ ಒಂದೇ ಸಲ ಬೈದಳು, ಆಮೇಲೆ ಹೊಸ ಅಂಗಿ ತೊಡಿಸಿ ಬೀದಿಗೆ ಕಳಿಸಿದಳು. ಅವನನ್ನು ಕಂಡರೆ ಜನ ಟೋಪಿ ತೆಗೆದರು.

ಅದೇ ವಾರ ಶಾಲೆಗೆ ಕರೆದರು. ಇತಿಹಾಸದ ಮೇಡಂ ರಿಮ್ಮಾ ಅರ್ಕಾದ್ಯೆವ್ನಾ ಎಂಬತ್ತು ಮಕ್ಕಳನ್ನು ಕೂರಿಸಿ, "ಕತ್ಯೂಷಾ ಬೆಂಕಿ ಆಕಾಶದಲ್ಲಿ ಹೇಗೆ ಹೋಗ್ತಿತ್ತು, ನೀವು ಕಣ್ಣಾರೆ ಕಂಡದ್ದನ್ನ ಹೇಳಿ," ಅಂದರು. ಅವ್ದೇಯ್ ಎದ್ದು ನಿಂತ. ಅವನ ಬಾಯಿಂದ ಬಂದದ್ದು ಪ್ರೋಖೊರ್‌ನ ಮಾತು.

ಪ್ರೋಖೊರ್ ಆಚೆ ಬೀದಿಯವನು, ಬಡಗಿ, ಯುದ್ಧದುದ್ದಕ್ಕೂ ಕಾಲಾಳು. ಅವನು ಕಂದಕದಲ್ಲಿ ಅಂಗಾತ ಬಿದ್ದುಕೊಂಡು ತಲೆಯ ಮೇಲೆ ಹೋಗುವ ರಾಕೆಟ್ಟುಗಳನ್ನು ಹತ್ತಾರು ಸಲ ಕಂಡಿದ್ದ. ಊರಿನ ಸ್ನಾನದ ಮನೆಯ ಹಬೆಯಲ್ಲಿ ಕೂತು ಅವ್ದೇಯ್‌ಗೆ ಅದನ್ನು ವರ್ಣಿಸುತ್ತಿದ್ದ. ಅವ್ದೇಯ್ ಅವನ ಬೆನ್ನು ತಿಕ್ಕುತ್ತ, ಏನೂ ಗೊತ್ತಿಲ್ಲದವನ ಹಾಗೆ "ಹೌದಾ? ಅಷ್ಟೊಂದಾ?" ಎಂದು ಕೇಳುತ್ತಿದ್ದ. ಅದು ನಟನೆ ಅಂತ ಆಮೇಲೆ ಪ್ರೋಖೊರ್ ಅಂದುಕೊಂಡ. ನಟನೆಯಾಗಿರಲಿಲ್ಲ. ಅವ್ದೇಯ್ ನಿಜಕ್ಕೂ ಕೇಳಿ ತಿಳಿದುಕೊಳ್ಳುತ್ತಿದ್ದ.

ತೋಸ್ಯಾಳ ಚಿತ್ರ ಬುಧವಾರ ಶಾಲೆ ಸೇರಿತು. ಗುರುವಾರ ಕ್ಲಾವಾಳಿಗೆ ಬರಹೇಳಿದರು.

ಕ್ಲಾವಾ ಊರಿನ ದರ್ಜಿ ಕೆಲಸದ ಕೇಂದ್ರದಲ್ಲಿ ಹೊಲಿಯುವವಳು. ಮಗು ಹುಟ್ಟಿದ ಮೇಲೆ ಮನೆಯಲ್ಲೇ ಹೊಲಿಗೆ. ಗಂಡ ಗ್ರೀಶಾ ಬಿತ್ತನೆಗೆಂದು ದೂರದ ಹೊಲದ ಬಿಡಾರದಲ್ಲಿದ್ದ. ಸೆನ್ಯಾನನ್ನು ಎತ್ತಿಕೊಂಡೇ ಶಾಲೆಗೆ ಹೋದಳು. ಪಡಸಾಲೆಯ ಗೋಡೆಯ ಮೇಲೆ ಇಪ್ಪತ್ತಾರು ಚಿತ್ರ ಉರಿಯುತ್ತಿದ್ದವು, ಕೆಂಪು, ಕಿತ್ತಳೆ, ಹಳದಿ. ಇಪ್ಪತ್ತೇಳನೆಯದು ಮೇಡಂ ಮೇಜಿನ ಮೇಲೆ ಇತ್ತು.

ಹಾಳೆ ತುಂಬ ಕಪ್ಪು. ಬರಿ ಕಪ್ಪು. ಒತ್ತಿ ಒತ್ತಿ ತುಂಬಿ ಕಾಗದ ಬೆನ್ನು ಬಾಗಿತ್ತು. ನಡುವೆ ಬೆರಳಗಲದ ಒಂದು ಬಿಳಿ ಗೆರೆ, ಅದರೊಳಗೆ ನಾಲ್ಕು ಹುಲ್ಲೆಸಳು. ಬಲಗಡೆ ಒಂದು ಗುಂಡಗಿನ ಗಡಿಯಾರದಂಥದ್ದು, ಒಂದೇ ಮುಳ್ಳು. ಮೂಲೆಯಲ್ಲಿ ಒಂದು ಬೂಟು. ಕೆಳಗೆ ಕೆಂಪು ಶಾಯಿಯಲ್ಲಿ, ಐದಕ್ಕೆ ಎರಡು.

"ಇದು ಏನು ಅಂತ ನೀವೇ ಹೇಳಿ," ಅಂದರು ರಿಮ್ಮಾ ಅರ್ಕಾದ್ಯೆವ್ನಾ.

"ಬೂಟು," ಅಂದಳು ಕ್ಲಾವಾ.

"ನಮ್ಮ ವೀರರ ಬೆಂಕಿಯನ್ನ ಬರಿ ಅಂದ್ರೆ ಬೂಟು ಬರೆದಿದ್ದಾಳೆ! ಯಾಕೆ ಅಂದ್ರೆ ತಾತನೇ ಹೇಳಿದ್ರು ಅಂತಾಳೆ. ಅವ್ದೇಯ್ ಸವೆಲಿಚ್ ಬೆಂಕಿಯನ್ನೇ ನೋಡಿಲ್ಲವಂತೆ! ಕ್ಲಾವ್ದಿಯಾ ಪೆತ್ರೋವ್ನಾ, ಎಂಬತ್ತು ಮಕ್ಕಳು ಅವರ ಬಾಯಿಂದಲೇ ಕೇಳಿದ್ದಾರೆ. ಚಿಕ್ಕ ಮಗು, ಹೊಡೆಯಿರಿ ಬಡಿಯಿರಿ ಅಂತ ನಾನು ಹೇಳಲ್ಲ. ಶನಿವಾರ ಸಭೆ ಇದೆ. ಎದ್ದು ನಿಂತು, ಅವರ ಮುಂದೆ, ಸುಳ್ಳು ಹೇಳಿದ್ದಕ್ಕೆ ಕ್ಷಮಿಸಿ ಅನ್ನಲಿ. ಅಲ್ಲಿಗೆ ಮುಗೀತು."

ಸೆನ್ಯಾ ಮೇಜಿನ ಅಂಚನ್ನು ಕಚ್ಚಿತು. ಕ್ಲಾವಾ ಅದನ್ನು ಬಿಡಿಸಿಕೊಂಡು ನೆಟ್ಟಗೆ ಪಕ್ಕದ ಮನೆಗೆ ಬಂದಳು. ಮೇಡಂ ಕೆಟ್ಟವರಲ್ಲ, ಅದು ಅವಳಿಗೆ ಗೊತ್ತಿತ್ತು. ಅವರು ಮುದುಕನ ಮಾನ ಕಾಯುತ್ತಿದ್ದರು. ಕ್ಲಾವಾಳಿಗೆ ಕಾಯಬೇಕಾದದ್ದು ಮಗಳದ್ದು.

ಬಾಗಿಲು ತೆರೆದದ್ದು ಉಸ್ತಿನ್ಯಾ. "ಬಾ ಕ್ಲಾವಾ, ಬಾ. ಮಗೂನ ಇಲ್ಲಿ ಕೊಡು. ವೀರರು ಮೇಜಿನ ಕೆಳಗಿದ್ದಾರೆ."

ನಿಜಕ್ಕೂ ಮೇಜಿನ ಕೆಳಗಿದ್ದ. ಎರಡು ಬೂಟು ಹೊರಗೆ ಕಾಣುತ್ತಿದ್ದವು. ಬೆಂಚಿನ ಮೇಲೆ ಪ್ರೋಖೊರ್ ತಟ್ಟೆಗೆ ಚಹಾ ಸುರಿದುಕೊಂಡು ಊದಿ ಕುಡಿಯುತ್ತ ಕೂತಿದ್ದ.

"ಏನ್ ಮಾಡ್ತಿದ್ದಾರೆ?"

"ಮೇಜಿನ ಕಾಲು ರಿಪೇರಿ. ಶಾಲೆಯಿಂದ ನಿನಗೆ ಕರೆ ಬಂತು ಅಂತ ಕಿವಿಗೆ ಬಿತ್ತು, ಸುತ್ತಿಗೆ ಹಿಡ್ಕೊಂಡು ಒಳಗೆ ಹೋದವರು."

"ಯಾವ ಕಾಲು ಅಲ್ಲಾಡ್ತಿತ್ತು?"

"ಆಗ ಯಾವುದೂ ಇಲ್ಲ. ಈಗ ಮೂರು ಅಲ್ಲಾಡ್ತಿವೆ," ಅಂದ ಪ್ರೋಖೊರ್, ತಟ್ಟೆ ಗಟ್ಟಿಯಾಗಿ ಹಿಡಿದುಕೊಂಡು. "ನಾನು ಬಡಗಿ. ನೋಡ್ತಾ ಇದ್ದೀನಿ. ಹೊಟ್ಟೆ ಉರೀತಿದೆ."

ಕ್ಲಾವಾ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತಳು. "ಅವ್ದೇಯ್ ಚಿಕ್ಕಪ್ಪ."

"ಹೂಂ," ಅಂತು ಮೇಜು.

"ಶನಿವಾರ ನನ್ನ ಮಗಳು ಎಲ್ಲರ ಎದುರು ನಿಂತು ಸುಳ್ಳು ಹೇಳಿದೆ ಅಂತ ಕ್ಷಮೆ ಕೇಳ್ಬೇಕಂತೆ. ನೀವು ಹೇಳಿದ್ದನ್ನೇ ಬರೆದದ್ದಕ್ಕೆ."

ಸುತ್ತಿಗೆಯ ಸದ್ದು ನಿಂತಿತು. ಅವ್ದೇಯ್ ಹಿಂದುಹಿಂದಾಗಿ ಹೊರಬಂದ, ಕೂದಲಲ್ಲೆಲ್ಲ ಮರದ ಹೊಟ್ಟು. "ಮಗು ಅಲ್ವಾ. ಒಂದು ಮಾತು ಅಂದುಬಿಟ್ರೆ ಮರೆತೋಗುತ್ತೆ. ನಾನು ಅವಳಿಗೆ ಮಿಠಾಯಿ ತರ್ತೀನಿ. ಒಂದು ಕಿಲೋ ತರ್ತೀನಿ."

"ಅಂದ್ರೆ ಅವಳು ಬರೆದದ್ದು ಸುಳ್ಳಾ?"

ಅವನು ಕೂದಲಿನ ಹೊಟ್ಟು ಕೊಡವಿಕೊಂಡ. ಉತ್ತರ ಕೊಟ್ಟದ್ದು ಪ್ರೋಖೊರ್. "ನಾನೂ ಅದನ್ನೇ ಕೇಳೋಣ ಅಂತ ಬಂದೆ. ಹೋದ ವರ್ಷ ಶಾಲೆ ಕಿಟಕಿ ರಿಪೇರಿ ಮಾಡ್ತಾ ನಿಂತಿದ್ದೆ. ಒಳಗೆ ಇವನ ಭಾಷಣ. 'ಆಕಾಶಕ್ಕೆ ಯಾರೋ ಕೆಂಪು ದಾರದಲ್ಲಿ ಹೊಲಿಗೆ ಹಾಕಿದ ಹಾಗೆ' ಅಂದ. ಅರೆ, ಇದು ನನ್ನ ಮಾತಲ್ವಾ ಅಂದ್ಕೊಂಡೆ. 'ಕಂದಕದಲ್ಲಿ ಮಲಗಿದ್ದವನ ಮೂಗಿನ ಮೇಲೆ ಬೆಳಕು ಬಿದ್ದಹಾಗೆ' ಅಂದ. ಮೂಗೂ ನಂದೇ! ನಿನ್ನ ಬೆಂಕಿ ನೀನು ಹೇಳ್ಕೋ ಮಾರಾಯ, ನನ್ನ ಮೂಗು ಯಾಕೆ ಬೇಕು ನಿನಗೆ?"

"ನನಗೆ ಬೆಂಕಿ ಇರ್ಲಿಲ್ಲ ಕಣೋ!" ಅಂದುಬಿಟ್ಟ ಅವ್ದೇಯ್. ಅಂದ ಮೇಲೆ ಬೆಂಚಿನ ಮೇಲೆ ಕೂತ. ಒಮ್ಮೆ ಶುರುವಾದ ಮೇಲೆ ನಿಲ್ಲಲಿಲ್ಲ. "ಗುರಿ ಹಿಡಿದ ತಕ್ಷಣ ಕಿಟಕಿಗೆ ಉಕ್ಕಿನ ತಗಡು ಇಳಿಸಬೇಕು. ಇಳಿಸದಿದ್ರೆ ಬೆಂಕಿಗೆ ಮುಖ ಬೆಂದುಹೋಗುತ್ತೆ. ಇಳಿಸಿದ್ರೆ ಬೆರಳಗಲದ ಒಂದು ಸೀಳು ಬಿಟ್ಟು ಬಾವಿಯೊಳಗಿದ್ದ ಹಾಗೆ. ಉಳಿದವರೆಲ್ಲ ದೂರ ಹೋಗಿ ಹಳ್ಳದಲ್ಲಿ ಬೀಳ್ತಾರೆ. ಒಳಗೆ ನಾನು, ಲೆಫ್ಟಿನೆಂಟು, ಇಬ್ಬರ ನಡುವೆ ಒಲೆ ತರ ಇಂಜಿನ್ನು. ಅವನು ಹಿಡಿಕೆ ತಿರುಗಿಸ್ತಾನೆ, ತಲೆ ಮೇಲೆ ಹದಿನಾರು ಸಲ ಗುಡುಗುತ್ತೆ, ಹತ್ತು ಎಣಿಸೋದ್ರೊಳಗೆ ಮುಗೀತು. ತಗಡು ಎತ್ತಿದ್ರೆ ಏನು? ಧೂಳು. ಬರೀ ಧೂಳು. ಆ ಧೂಳು ನೋಡಿ ಜರ್ಮನರು ಅಲ್ಲಿಗೇ ಗುಂಡು ಹಾಕ್ತಾರೆ, ಅಷ್ಟರೊಳಗೆ ಜಾಗ ಬಿಡ್ಬೇಕು. ಲಾರಿ ಮೇಲೆ ರಾಕೆಟ್ ಇಟ್ಕೊಂಡವರು ಭರ್ ಅಂತ ಹೋಗ್ತಿದ್ರು. ನಂದು ಟ್ರ್ಯಾಕ್ಟರ್! ಎಲ್ಲರೂ ಓಡಿಹೋಗೋರು, ನಾನು ಸಂಜೆ ವಾಯುವಿಹಾರಕ್ಕೆ ಹೊರಟ ಹಾಗೆ ಹೋಗೋನು. ಹಿಂದಕ್ಕೆ ತಿರುಗಿ ಬೆಂಕಿ ನೋಡ್ಲೇನು?"

ಉಸ್ತಿನ್ಯಾ ಸೆನ್ಯಾನ ಬಾಯಿಗೆ ಒಣ ಬ್ರೆಡ್ಡಿನ ತುಂಡು ಕೊಟ್ಟಳು. "ಇದನ್ನೇ ಹೇಳ್ಬಹುದಿತ್ತಲ್ಲ ಮುದುಕ," ಅಂದಳು. ಈ ಸಲ ಅವಳ ದನಿಯಲ್ಲಿ ಚುಚ್ಚು ಇರಲಿಲ್ಲ.

"ಯಾರಿಗೆ ಹೇಳ್ಲಿ? ಏನಂತ ಹೇಳ್ಲಿ? ಹತ್ತೊಂಬತ್ತು ವರ್ಷ ಬರ್ಲಿನ್ ತನಕ ಉತ್ತವನು ಅಂದ್ರು. ಒಂದು ವರ್ಷ ಟೋಪಿ ತೆಗೆದ್ರು. ಒಂದೇ ವರ್ಷ, ಕ್ಲಾವಾ. ಈಗ ಹೋಗಿ, ನಾನು ಯುದ್ಧದಲ್ಲಿ ಕಂಡದ್ದು ಎಣ್ಣೆ ಮೀಟರಿನ ಮುಳ್ಳು ಅಂತ ಹೇಳಿದ್ರೆ, ಅವಳ ತಮ್ಮ ಏನಂತಾನೆ ಗೊತ್ತಾ? ಕಣ್ಣು ಕಟ್ಕೊಂಡು ಉತ್ತವನು ಅಂತಾನೆ."

ಅನ್ನುತ್ತಾನೆ ಅಂತ ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

ಕ್ಲಾವಾಳಿಗೆ ಸಿಟ್ಟೂ ಬಂದಿತ್ತು, ಕನಿಕರವೂ ಬಂದಿತ್ತು. ಎರಡನ್ನೂ ಒಟ್ಟಿಗೆ ಎತ್ತಿಕೊಂಡು ನಿಲ್ಲುವುದು ಕಷ್ಟವಾಗಿ ಮಗುವನ್ನು ಮಾತ್ರ ಎತ್ತಿಕೊಂಡಳು. "ನಾನೇನೂ ಅನ್ನಲ್ಲ ಚಿಕ್ಕಪ್ಪ. ಅವಳು ಶನಿವಾರ ಮುಂದಿನ ಸಾಲಲ್ಲಿ ಕೂತಿರ್ತಾಳೆ. ನೀವುಂಟು, ಅವಳುಂಟು."

ಶುಕ್ರವಾರ ಸಂಜೆ ತೋಸ್ಯಾಳ ಜಡೆ ಬಾಚುತ್ತ ಕ್ಲಾವಾ ಸುಲಭದ ದಾರಿಯನ್ನೂ ನೋಡಿದಳು. ಮೂರು ಪದ. ಯಾರಿಗೂ ನೋವಿಲ್ಲ, ಸೋಮವಾರ ಹಬ್ಬ.

"ಪುಟ್ಟಾ, ನಾಳೆ ಎದ್ದು ನಿಂತು ಕ್ಷಮಿಸಿ ಅಂದುಬಿಡು. ಆಯ್ತಾ?"

"ಯಾವುದಕ್ಕೆ?"

ಕ್ಲಾವಾ ಬಾಚಣಿಗೆ ಹಿಡಿದುಕೊಂಡು ಯೋಚಿಸಿದಳು. "ತಲೆ ಅಲ್ಲಾಡಿಸ್ಬೇಡ, ಸಿಕ್ಕು ಬೀಳುತ್ತೆ," ಅಂದಳು.

ಶನಿವಾರ ಶಾಲೆಯ ದೊಡ್ಡ ಕೋಣೆ ತುಂಬಿತ್ತು. ತಾಯಂದಿರು ಗೋಡೆಯುದ್ದಕ್ಕೂ ನಿಂತಿದ್ದರು. ವೇದಿಕೆಯ ಮೇಲೆ ಅವ್ದೇಯ್, ಎದೆಯ ಮೇಲೆ ನಾಲ್ಕು ಪದಕ, ಎರಡು ಕೈ ಮುಂದೆ ಲಿವರ್ ಹಿಡಿದ ಹಾಗೆ. ಉಸ್ತಿನ್ಯಾಳ ತಮ್ಮನೂ ಬಂದಿದ್ದ, ಮೂರನೇ ಸಾಲಲ್ಲಿ ಎಲ್ಲರಿಗೂ 'ನಮ್ಮ ಭಾವ' ಎಂದು ತೋರಿಸುತ್ತಿದ್ದ. ಪ್ರೋಖೊರ್ ಕೆಲಸದ ಬಟ್ಟೆಯಲ್ಲೇ ಬಾಗಿಲ ಬಳಿ ನಿಂತಿದ್ದ. ಅದು ಸವೆದು ಸವೆದು ಬೂದಿ ಬಣ್ಣಕ್ಕೆ ತಿರುಗಿದ್ದ ಹತ್ತಿಯ ಕೋಟು.

ರಿಮ್ಮಾ ಅರ್ಕಾದ್ಯೆವ್ನಾ ಮೃದುವಾಗಿಯೇ ಕರೆದರು. "ತೋಸ್ಯಾ, ಬಾ. ಅವ್ದೇಯ್ ತಾತನಿಗೆ ಏನೋ ಹೇಳ್ಬೇಕಿತ್ತಲ್ಲ?"

ತೋಸ್ಯಾ ಎದ್ದಳು. ಕೆಂಪಾದಳು. ಹಿಂದೆ ತಿರುಗಿ ಅಮ್ಮನನ್ನು ನೋಡಿದಳು.

"ಕ್ಷಮಿಸಿ," ಅಂದಳು ತೋಸ್ಯಾ ಸ್ಪಷ್ಟವಾಗಿ. "ನನ್ನ ಕಪ್ಪು ಪೆನ್ಸಿಲ್ ಸಾಲ್ಲಿಲ್ಲ. ಗಲ್ಯಾಳ ಪೆನ್ಸಿಲ್ಲೂ ಪೂರ್ತಿ ಮುಗಿಸಿಬಿಟ್ಟೆ."

ಹಿಂದಿನ ಸಾಲಲ್ಲಿ ಯಾರೋ ಕಿಸಕ್ ಎಂದರು. "ಅದಕ್ಕಲ್ಲಮ್ಮಾ," ಅಂದರು ಮೇಡಂ. "ಸುಳ್ಳು ಬರೆದದ್ದಕ್ಕೆ."

"ಸುಳ್ಳಲ್ಲ," ಅಂದಳು ತೋಸ್ಯಾ. ಕೆಳತುಟಿ ನಡುಗಲು ಶುರುವಾಯಿತು.

ವೇದಿಕೆಯ ಮೇಲೆ ಕುರ್ಚಿ ಕಿರುಗುಟ್ಟಿತು. ಅವ್ದೇಯ್ ಎದ್ದಿದ್ದ. ಮೇಡಂ ಕೈಯಿಂದ ಆ ಕಪ್ಪು ಹಾಳೆ ತೆಗೆದುಕೊಂಡು, ಕಣ್ಣಿಗೆ ಹತ್ತಿರ ಹಿಡಿದು, ದೂರ ಹಿಡಿದು, ಗ್ಯಾರೇಜಿಗೆ ಬಂದ ಯಂತ್ರ ಪರೀಕ್ಷಿಸುವವನ ಹಾಗೆ ಬಹಳ ಹೊತ್ತು ನೋಡಿದ.

"ತಪ್ಪಿದೆ," ಅಂದ ಕೊನೆಗೆ.

ಕ್ಲಾವಾ ಕಣ್ಣು ಮುಚ್ಚಿದಳು.

"ಎಣ್ಣೆ ಮೀಟರು ಎಡಗಡೆ. ಇವಳು ಬಲಗಡೆ ಬರೆದಿದ್ದಾಳೆ. ಬಲಗಡೆ ಲೆಫ್ಟಿನೆಂಟು ಕೂರ್ತಿದ್ದ. ಮಿಕ್ಕಿದ್ದೆಲ್ಲ ಸರಿ. ಬೂಟು ಕೂಡ ಸರಿ, ಪೆಡಲಿನ ಮೇಲಿದ್ದ ನನ್ನ ಬೂಟು." ಅವನು ಹಾಳೆಯನ್ನು ಸಭೆಗೆ ತಿರುಗಿಸಿ ಎದೆಯ ಮುಂದೆ ಹಿಡಿದ. ಪದಕಗಳು ಅದರ ಹಿಂದೆ ಮುಚ್ಚಿಹೋದವು. "ನಾನು ಕಂಡದ್ದು ಇಷ್ಟೇ ಮಕ್ಕಳೇ. ಹೋದ ವರ್ಷ ಹೇಳಿದ್ದು ನಾನು ಕಂಡದ್ದಲ್ಲ. ಅದು ಅಲ್ಲಿ ಬಾಗಿಲ ಹತ್ರ ನಿಂತಿದ್ದಾನಲ್ಲ, ಪ್ರೋಖೊರ್, ಅವನು ಕಂಡದ್ದು. ನಾನು ಕದ್ದೆ. ಕ್ಷಮೆ ಕೇಳ್ಬೇಕಾದವನು ನಾನು. ತೋಸ್ಯಾ, ಕೂತ್ಕೋ ಮರಿ."

ಮೂರನೇ ಸಾಲಲ್ಲಿ ಉಸ್ತಿನ್ಯಾಳ ತಮ್ಮ ಬಾಯಿ ತೆರೆದ. ಪಕ್ಕದಲ್ಲಿ ಉಸ್ತಿನ್ಯಾ ಅವನ ಕಾಲು ತುಳಿದಳು. ಬಾಯಿ ಮುಚ್ಚಿತು.

ಮಕ್ಕಳಲ್ಲಿ ಒಬ್ಬಳು ಕೈ ಎತ್ತಿದಳು, ಪೆನ್ಸಿಲ್ ಕಳೆದುಕೊಂಡ ಗಲ್ಯಾ. "ಮತ್ತೆ ತಾತ, ಒಳಗೆ ಏನ್ ಮಾಡ್ತಿದ್ರಿ?"

ಅವ್ದೇಯ್‌ಗೆ ಈ ಪ್ರಶ್ನೆಯನ್ನು ಇಪ್ಪತ್ತೊಂದು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. "ಒಳಗಾ?" ಅಂದ. "ಒಳಗೆ ತುಂಬ ಕೆಲಸ. ಇಂಜಿನ್ ನಿಲ್ಲಬಾರದು, ಅದೊಂದೇ. ನಿಂತ್ರೆ ನಾವು ಅಲ್ಲೇ ಉಳೀತೀವಿ, ಜರ್ಮನರು ಹುಡುಕೋ ಕಷ್ಟಾನೂ ಪಡಬೇಕಾಗಿಲ್ಲ. ಅದಕ್ಕೆ ನಾನು ಮುಳ್ಳು ನೋಡ್ತಾ ಕೂರ್ತಿದ್ದೆ. ನನ್ನ ಯುದ್ಧವೆಲ್ಲ ಆ ಮುಳ್ಳಿನ ಮೇಲೆ. ನಮ್ಮ ಲೆಫ್ಟಿನೆಂಟು ಹೆದರಿಕೆಗೆ ಬಿಕ್ಕಳಿಸ್ತಿದ್ದ. ಒಂದು ರಾಕೆಟ್ಟು, ಒಂದು ಬಿಕ್ಕಳಿಕೆ. ಹದಿನಾರು ರಾಕೆಟ್ಟಿಗೆ ಹದಿನಾರು. ಒಂದ್ಸಲ ಹದಿನೈದೇ ಬಿಕ್ಕಳಿಕೆ ಬಂತು. ತಕ್ಷಣ ನಾನು, 'ಸಾರ್, ಒಂದು ಹೋಗಿಲ್ಲ,' ಅಂದೆ. ಇಳಿದು ನೋಡಿದ್ರೆ ನಿಜ, ಒಂದು ಹಳಿ ಮೇಲೇ ಇತ್ತು!"

ನಗು ಕೋಣೆಯ ಛಾವಣಿಗೆ ಬಡಿಯಿತು. ಮೇಡಂ ಕರವಸ್ತ್ರ ಬಾಯಿಗೆ ಒತ್ತಿಕೊಂಡರು. ಅವ್ದೇಯ್ ನಿಲ್ಲಲಿಲ್ಲ. ವಸಂತದ ಕೆಸರಲ್ಲಿ ಚಕ್ರದ ಲಾರಿಗಳೆಲ್ಲ ಹೂತುಕೊಂಡಾಗ, ಬೇಸಿಗೆಯಲ್ಲಿ ಅವನನ್ನು ಆಮೆ ಎಂದು ಕರೆದ ಚಾಲಕರೇ ಹಗ್ಗ ಹಿಡಿದು ಬಂದು "ಅಪ್ಪಾ, ಅಪ್ಪಾಜಿ" ಅಂದದ್ದು, ಒಂದರ ಹಿಂದೊಂದು ಮೂರು ಲಾರಿ ಕಟ್ಟಿಕೊಂಡು ಅವನ ಟ್ರ್ಯಾಕ್ಟರ್ ಬಾತುಕೋಳಿ ಮರಿಗಳನ್ನು ನಡೆಸಿದ ಹಾಗೆ ನಡೆಸಿದ್ದು, ತಗಡಿನ ಸೀಳಿನಲ್ಲಿ ಕಾಣುತ್ತಿದ್ದ ನಾಲ್ಕು ಹುಲ್ಲೆಸಳು ಪ್ರತಿ ಗುಡುಗಿಗೂ ಹಳದಿಯಾಗಿ ಮತ್ತೆ ಹಸಿರಾಗುತ್ತಿದ್ದದ್ದು, ಎಲ್ಲ ಹೇಳಿದ. ಆ ಹುಲ್ಲಿನ ಮಾತು ಬಂದಾಗ ಅವನ ದನಿ ಸ್ವಲ್ಪ ಇಳಿಯಿತು. "ಬೆಂಕಿ ಅಂತ ನಾನು ಕಂಡದ್ದು ಅಷ್ಟೇ," ಅಂದ. "ಹುಲ್ಲಿನ ಮೇಲೆ."

"ಹಾಗಾದ್ರೆ ಹೊರಗೆ ಹೇಗಿತ್ತು?" ಎಂದು ಮಕ್ಕಳು ಕೂಗಿದರು.

"ಅವನನ್ನ ಕೇಳಿ," ಅಂದ ಅವ್ದೇಯ್, ಬಾಗಿಲ ಕಡೆ ಬೆರಳು ಮಾಡಿ.

ಪ್ರೋಖೊರ್ ತಪ್ಪಿಸಿಕೊಳ್ಳಲು ನೋಡಿದ. ತಾಯಂದಿರು ಬಿಡಲಿಲ್ಲ, ತಳ್ಳಿಕೊಂಡು ವೇದಿಕೆಗೆ ಹತ್ತಿಸಿದರು. ಯುದ್ಧ ಮುಗಿದ ಮೇಲೆ ಅವನನ್ನು ಯಾರೂ ಯಾವ ವೇದಿಕೆಗೂ ಕರೆದಿರಲಿಲ್ಲ. ಕಾಲಾಳುಗಳು ಪ್ರತಿ ಮನೆಯಲ್ಲೂ ಇದ್ದರು. ಅವನು ಕೋಟಿನ ಗುಂಡಿ ತಿರುವುತ್ತ ನಿಂತ. "ಮೂಗಿನಿಂದ ಶುರುಮಾಡೋ," ಎಂದು ಅವ್ದೇಯ್ ಪಿಸುಗುಟ್ಟಿದ. ಪ್ರೋಖೊರ್ ಮೂಗಿನಿಂದ ಶುರುಮಾಡಿದ. ಕಂದಕ, ಅಂಗಾತ ಮಲಗಿದ್ದು, ಮೂಗಿನ ಮೇಲೆ ಬೆಳಕು, ಆಮೇಲೆ ಆಕಾಶ. ಆಕಾಶಕ್ಕೆ ಬಂದಾಗ ಮಾತು ಸಾಲದೆ ಎರಡೂ ಕೈಗಳನ್ನು ಮೇಲಕ್ಕೆತ್ತಿ "ಹೂಂಯ್ಯ್!" ಎಂದು ಬೀಸಿದ. ಪರ್ ಎಂದು ಕೋಟಿನ ಎರಡೂ ಕಂಕುಳು ಒಟ್ಟಿಗೇ ಹರಿದವು. ಹತ್ತಿ ಹೊರಗೆ ಹಾರಿತು. ಮಕ್ಕಳು ಅದೂ ಕಥೆಯದ್ದೇ ಭಾಗ ಎಂದುಕೊಂಡು ಚಪ್ಪಾಳೆ ತಟ್ಟಿದರು. ಪ್ರೋಖೊರ್ ಮಾತ್ರ ಕೈ ಇಳಿಸಿದ. ಆಮೇಲೆ ಉಳಿದ ಕಥೆಯನ್ನೆಲ್ಲ ಮೊಣಕೈ ಪಕ್ಕೆಗೆ ಒತ್ತಿಕೊಂಡೇ ಹೇಳಿದ. ರಾಕೆಟ್ಟುಗಳು ಬೆರಳಿನಷ್ಟೇ ಎತ್ತರಕ್ಕೆ ಹಾರಿದವು.

ಸಂಜೆಯೊಳಗೆ ಊರು ತನಗೆ ಬೇಕಾದ್ದನ್ನು ಆಡಿತು. ಉಸ್ತಿನ್ಯಾಳ ತಮ್ಮ 'ಕಣ್ಣು ಕಟ್ಟಿಕೊಂಡು ಉತ್ತವನು' ಅಂದೇ ಅಂದ. ಆದರೆ ಬ್ರೆಡ್ಡಿನ ಸಾಲಿನಲ್ಲಿ ಅದಕ್ಕಿಂತ ಜಾಸ್ತಿ ಬಿಕ್ಕಳಿಕೆಯ ಮಾತೇ ನಡೆದಿತ್ತು. ತೋಸ್ಯಾಳ ಹಾಳೆಯನ್ನು ಮೇಡಂ ಉಳಿದ ಇಪ್ಪತ್ತಾರರ ನಡುವೆ ಅಂಟಿಸಿದರು. ಎರಡನ್ನು ಹೊಡೆದುಹಾಕಿ ನಾಲ್ಕು ಮಾಡಿದ್ದರು. ಐದು ಯಾಕಿಲ್ಲ ಎಂದು ತೋಸ್ಯಾ ಕೇಳಿದ್ದಕ್ಕೆ, ಮೀಟರು ಎಡಗಡೆ ಇರಬೇಕಿತ್ತು ಅಂದರಂತೆ.

ಭಾನುವಾರ ಬೆಳಿಗ್ಗೆ ಕ್ಲಾವಾ ಸೆನ್ಯಾನ ಬಟ್ಟೆ ಒಣಹಾಕುತ್ತಿದ್ದಳು. ಅವ್ದೇಯ್ ಬೇಲಿಯ ಆಚೆ ಬಂದು ನಿಂತ, ಕಂಕುಳಲ್ಲಿ ಪತ್ರಿಕೆ ಸುತ್ತಿದ ಒಂದು ಕಟ್ಟು. ಹಿಂದೆ ಮುಂದೆ ನೋಡಿ, ಕಟ್ಟನ್ನು ಬೇಲಿಯ ಮೇಲಿಂದ ದಾಟಿಸಿದ. ಒಳಗೆ ಕಡುನೀಲಿ ಉಣ್ಣೆಯ ಬಟ್ಟೆ, ಮೂರು ಮೀಟರ್, ಮಡಿಕೆಯೂ ಮಾಸಿರಲಿಲ್ಲ. ಐವತ್ತೆಂಟರಲ್ಲಿ ಉಳುಮೆಗೆ ಬಹುಮಾನ ಬಂದದ್ದು.

"ಚಿಕ್ಕಪ್ಪ, ಇದು ಉಸ್ತಿನ್ಯಾ ಚಿಕ್ಕಮ್ಮ ಪೆಟ್ಟಿಗೇಲಿ ಎತ್ತಿಟ್ಟಿದ್ದಲ್ವಾ? ನಿಮ್ಮ..."

"ಹೂಂ, ನನ್ನ ಹೆಣಕ್ಕೆ ತೊಡಿಸ್ಬೇಕು ಅಂತ. ನನಗೆ ಅವಸರ ಇಲ್ಲ." ಅವನು ಬೇಲಿಯ ಗಳ ಸರಿಯಾಗಿದೆಯೇ ಎಂದು ಅಲ್ಲಾಡಿಸಿ ನೋಡಿದ. "ಮುಂದಿನ ಭಾನುವಾರ ಹೊಳೆಯಾಚೆ ಶಾಲೆಯವರ ಸಭೆ. ಇಬ್ಬರೂ ಬನ್ನಿ ಅಂದಿದ್ದಾರೆ. ನಾನು ಒಳಗಿಂದು ಹೇಳೋದು, ಅವನು ಹೊರಗಿಂದು. ಅವನು ಬರಲ್ಲ ಅಂತಿದ್ದಾನೆ. ಕಾಲು ನೋವಂತೆ. ಕಾಲಿಗೇನಾಗಿಲ್ಲ ಅವನಿಗೆ. ಕೋಟಿಲ್ಲ."

"ಅಳತೆ ತಗೊಳ್ದೆ ಹೇಗೆ ಹೊಲೀಲಿ?"

"ನನ್ನ ಮೇಲೆ ತಗೋ. ಸ್ನಾನದ ಮನೇಲಿ ಇಪ್ಪತ್ತು ವರ್ಷ ಅವನ ಬೆನ್ನು ತಿಕ್ಕಿದ್ದೀನಿ. ನನಗಿಂತ ಎರಡು ಬೆರಳು ಕಮ್ಮಿ, ಅಷ್ಟೇ. ಕಂಕುಳಲ್ಲಿ ಮಾತ್ರ ಧಾರಾಳವಾಗಿ ಬಿಡು ಮಗಳೇ. ಅವನು ಕೈ ಪೂರ್ತಿ ಎತ್ಬೇಕು. ಆಕಾಶ ಅಲ್ಲೇ ಇರೋದು."

ಕ್ಲಾವಾ ಬಟ್ಟೆಯನ್ನು ಹೆಬ್ಬೆರಳಲ್ಲಿ ಉಜ್ಜಿ ನೋಡಿದಳು. ಒಳ್ಳೆಯ ಬಟ್ಟೆ. ಶುಕ್ರವಾರದೊಳಗೆ ಆಗುತ್ತದೆ, ಸೆನ್ಯಾ ಮಲಗಿದರೆ. "ಆಯ್ತು," ಅಂದಳು.

ಅವ್ದೇಯ್ ಹೊರಟ. ನಾಲ್ಕು ಹೆಜ್ಜೆ ಹೋಗಿ, ಒಂದು ಭುಜ ಹಿಂದಕ್ಕೆಳೆದು, ನಿಂತಲ್ಲೇ ತಿರುಗಿ ವಾಪಸ್ ಬಂದ.

"ಇನ್ನೊಂದು ಉಪಕಾರ ಕ್ಲಾವಾ. ನಾನು ಕೊಟ್ಟೆ ಅಂದ್ರೆ ಅವನು ಮುಟ್ಟಲ್ಲ. ಶಾಲೆಯವರು ಹೊಲಿಸಿದ್ದು ಅಂತ ನೀನೇ ಹೋಗಿ ಹೇಳಿಬಿಡು. ನಾನು ಎಲ್ಲರ ಮುಂದೆ ಸತ್ಯ ಹೇಳಿ ಇನ್ನೂ ಒಂದು ದಿನ ಆಗಿಲ್ಲ, ಇಷ್ಟು ಬೇಗ ಸುಳ್ಳು ಹೇಳೋಕೆ ನನಗೆ ಬಾಯಿ ಬರಲ್ಲ."